ನಡುಮನೆಯಲ್ಲೊಂದು ಕೋಡಿ

ಬೆಂಗಳೂರಿನ ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆಯವರಿಗೆ ಸಂಪ್ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಗೇಟು ದಾಟಿ ಎರಡು ಹೆಜ್ಜೆ ಇಟ್ಟರೆ ಕಾಲಡಿ ಢಣ್ ಎನ್ನುವ ಕಬ್ಬಿಣದ ಮುಚ್ಚಳ, ಅದರ ಕೆಳಗೆ ಕಾವೇರಿ. ನೀರು ಬಿಟ್ಟ ದಿನ ತುಂಬಿಕೊಳ್ಳುತ್ತದೆ, ಮೋಟರ್ ಹಾಕಿದರೆ ಮೇಲಿನ ಟ್ಯಾಂಕಿಗೆ ಏರುತ್ತದೆ, ಅಲ್ಲಿಂದ ತನ್ನ ಭಾರಕ್ಕೆ ತಾನೇ ನಲ್ಲಿಗೆ ಇಳಿಯುತ್ತದೆ. ಬಾಡಿಗೆಗೆ ಮನೆ ನೋಡಲು ಬಂದವರು ದೇವರಮನೆ ಎಲ್ಲಿದೆ ಎಂದು ಕೇಳುವ ಮೊದಲೇ ಸಂಪ್ ಎಷ್ಟು ಲೀಟರಿನದು ಎಂದು ಕೇಳುತ್ತಾರೆ.

ಹಾಗಾಗಿ ನಾನು ಗಾಜಿನ ಅಂಗಡಿಗೆ ಹೋಗಿ, “ನಾಲ್ಕಡಿ ಉದ್ದದ ಸಂಪಿಗೆ ಗಾಜು ಕತ್ತರಿಸಿ ಕೊಡಿ” ಎಂದಾಗ ಅಂಗಡಿಯವರು ನನ್ನ ಮುಖ ನೋಡಿದರು. “ಸಂಪಿಗೆ ಗಾಜಾ ಸಾರ್? ಸಿಮೆಂಟ್ ಅಲ್ವಾ ಹಾಕೋದು?” ಮೀನಿನ ತೊಟ್ಟಿಯ ಕೆಳಗೆ ಇಡುವುದಕ್ಕೆ ಎಂದೆ. “ಮೀನಿಗೂ ಸಂಪಾ!” ಎಂದು ನಕ್ಕು ಅಳತೆ ಬರೆದುಕೊಂಡರು. ತಮಾಷೆಗೆ ಹೇಳಿದರೂ ವಿಷಯ ಅಷ್ಟೇ. ಮೇಲೆ ಒಂದು ತೊಟ್ಟಿ, ಕೆಳಗೆ ಒಂದು ಸಂಪ್, ನಡುವೆ ಒಂದು ಮೋಟರ್. ನಮ್ಮ ಮನೆಯಲ್ಲಿ ನೀರು ಹೇಗೆ ಸುತ್ತುತ್ತದೋ ಹಾಗೆಯೇ ಮೀನಿನ ಮನೆಯಲ್ಲೂ ಸುತ್ತುತ್ತದೆ. ನಾವು ಬಳಸಿದ ನೀರನ್ನು ಮೋರಿಗೆ ಬಿಡುತ್ತೇವೆ, ಮೀನು ಮಾತ್ರ ಬಳಸಿದ್ದನ್ನೇ ತೊಳೆದು ಮತ್ತೆ ಬಳಸಬೇಕು. ಆ ತೊಳೆಯುವ ಕೆಲಸ ನಡೆಯುವುದು ಸಂಪಿನಲ್ಲಿ.

ನನ್ನ ತೊಟ್ಟಿ ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಮಗಳನ್ನು ಚಿಕ್ಕಂದಿನಲ್ಲಿ ಕಬ್ಬನ್ ಪಾರ್ಕಿನ ಮತ್ಸ್ಯಾಲಯಕ್ಕೆ, 1983ರಲ್ಲಿ ಶುರುವಾದ ಆ ಸರ್ಕಾರಿ ಅಕ್ವೇರಿಯಂಗೆ, ಕರೆದುಕೊಂಡು ಹೋಗುತ್ತಿದ್ದೆ. ಗಾಜಿಗೆ ಮೂಗು ಒತ್ತಿ ನಿಂತವಳನ್ನು ಹೊರಡಿಸುವುದೇ ಕಷ್ಟವಾಗುತ್ತಿತ್ತು. ಆ ಹುಚ್ಚು ಅವಳಿಗೆ ಬಿಟ್ಟಿತು, ನನಗೆ ಹಿಡಿಯಿತು. ಈಗ ನನ್ನ ತೊಟ್ಟಿಯಲ್ಲಿ ಇರುವುದು ಹೆಚ್ಚಾಗಿ ‘ಮಿಸ್ ಕೇರಳ’ ಎಂದು ಅಂಗಡಿಯವರು ಕರೆಯುವ ಮೀನು. ಬೆಳ್ಳಿ ಮೈ, ಮೂತಿಯಿಂದ ಬಾಲದವರೆಗೆ ಒಂದು ಕಪ್ಪು ಪಟ್ಟಿ, ಅದರ ಮೇಲೆ ಕುಂಕುಮ ಎಳೆದಂತೆ ಒಂದು ಕೆಂಪು ಗೆರೆ. ಹೆಸರು ಕೇರಳದ್ದಾದರೂ ಅದು ಇರುವ ಹೊಳೆಗಳಲ್ಲಿ ಒಂದಾದ ಕಾಸರಗೋಡಿನ ಚಂದ್ರಗಿರಿಯ ಮೂಲ ನಮ್ಮಲ್ಲೇ. ಕೊಡಗಿನ ಬೆಟ್ಟದಲ್ಲಿ ಹುಟ್ಟಿ ಸುಳ್ಯದ ಮೇಲೆ ಹಾದು ಬರುವ ಪಯಸ್ವಿನಿಯೇ ಮುಂದೆ ಚಂದ್ರಗಿರಿ. ಹೆಸರಿಡುವಾಗ ಕನ್ನಡಿಗರಾದ ನಾವು ಸ್ವಲ್ಪ ನಿದ್ದೆ ಮಾಡಿದೆವು ಎಂದು ನನ್ನ ದೂರು. ಈಗ ಅಳಿವಿನ ಅಂಚಿನ ಮೀನುಗಳ ಪಟ್ಟಿಯಲ್ಲಿ ಅದರ ಹೆಸರು ಸೇರಿದೆ. ಹೊಳೆಯಿಂದ ಹಿಡಿದು ತಂದದ್ದನ್ನು ಕೊಳ್ಳಬಾರದು. ಹರಿಯುವ ತಣ್ಣನೆಯ ಹೊಳೆಯಲ್ಲಿ ಹುಟ್ಟುವ ಜಾತಿ ಅದು, ನಿಂತ ನೀರಿನಲ್ಲಿ ಸಪ್ಪಗಾಗುತ್ತದೆ. ತೊಟ್ಟಿಯ ಮೂಲೆಗೆ ಅಂಟಿಸುವ ಪುಟ್ಟ ಫಿಲ್ಟರು ಅದಕ್ಕೆ ಸಾಲದು ಎಂದು ಗೊತ್ತಾದ ಮೇಲೆ ಸಂಪಿಗೆ ಕೈ ಹಾಕಿದ್ದು.

ಕೊಳೆ ಎಂದರೆ ಏನು ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕಣ್ಣಿಗೆ ಕಾಣುವ ಕೊಳೆಯನ್ನು, ಅಂದರೆ ಹಿಕ್ಕೆ, ತಿನ್ನದೆ ಬಿಟ್ಟ ಆಹಾರ, ಕೊಳೆತ ಎಲೆ, ಇವನ್ನು ಒಂದು ಬಟ್ಟೆಯ ಚೀಲ ಹಿಡಿದುಬಿಡುತ್ತದೆ. ಮೀನನ್ನು ಕೊಲ್ಲುವುದು ಕಣ್ಣಿಗೆ ಕಾಣದ್ದು, ಅಮೋನಿಯ. ಮೀನು ಅದನ್ನು ಮುಖ್ಯವಾಗಿ ಕಿವಿರಿನಿಂದಲೇ ಹೊರಹಾಕುತ್ತದೆ. ನೀರು ಕನ್ನಡಿಯಂತಿದ್ದು ಮೀನು ಸಾಯುವುದು ಈ ಕಾರಣಕ್ಕೆ. ಈ ಅಮೋನಿಯವನ್ನು ತೊಳೆಯುವವರು ಯಾರೆಂದು ತಿಳಿದದ್ದು ಹೀಗೆ. 1877ರಲ್ಲಿ ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ಇಬ್ಬರು ಒಂದು ಗಾಜಿನ ಕೊಳವೆಯಲ್ಲಿ ಮರಳು, ಸುಣ್ಣಕಲ್ಲು ತುಂಬಿ ಚರಂಡಿ ನೀರನ್ನು ನಿಧಾನವಾಗಿ ಇಳಿಸುತ್ತ ಹೋದರು. ಇಪ್ಪತ್ತು ದಿನ ಏನೂ ಆಗಲಿಲ್ಲ. ಆಮೇಲೆ ಕೆಳಗೆ ಬರುವ ನೀರಿನಲ್ಲಿ ಅಮೋನಿಯ ಕಡಿಮೆಯಾಗಿ ನೈಟ್ರೇಟ್ ಕಾಣಿಸಿಕೊಂಡಿತು. ಕೊಳವೆಗೆ ಕ್ಲೋರೋಫಾರ್ಮಿನ ಆವಿ ಹಾಯಿಸಿದರು, ಕೆಲಸ ನಿಂತುಹೋಯಿತು. ಮರಳಿನಲ್ಲಿ ಜೀವವಿದೆ, ಕೆಲಸ ಮಾಡುತ್ತಿದ್ದದ್ದು ಆ ಜೀವ ಎಂದು ತೀರ್ಮಾನವಾಯಿತು. ಅಮೋನಿಯವನ್ನು ನೈಟ್ರೈಟಿಗೆ, ನೈಟ್ರೈಟನ್ನು ನೈಟ್ರೇಟಿಗೆ ತಿರುಗಿಸುವ ಬ್ಯಾಕ್ಟೀರಿಯಾಗಳವು. ನನ್ನ ಸಂಪ್ ಆ ಗಾಜಿನ ಕೊಳವೆಯ ಮೊಮ್ಮಗ. ಹೊಸ ತೊಟ್ಟಿ ಇಟ್ಟ ವಾರದಲ್ಲೇ ಮೀನು ಬಿಟ್ಟು “ಯಾಕೋ ಬಾಳ್ತಾ ಇಲ್ಲ” ಎನ್ನುವವರಿಗೆ ನಾನು ಈ ಇಪ್ಪತ್ತು ದಿನದ ಕಥೆ ಹೇಳುತ್ತೇನೆ. ನಮ್ಮ ತೊಟ್ಟಿಗಳಿಗೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಹಳೆಯ ತೊಟ್ಟಿಯ ಸ್ಪಂಜನ್ನು ತಂದು ಹಿಂಡಿದರೆ ಬೇಗ ಕೂಡಿಬರುತ್ತದೆ, ಮೊಸರಿಗೆ ಹೆಪ್ಪು ಹಾಕಿದ ಹಾಗೆ.

ಈ ಜೀವಿಗಳಿಗೆ ಬೇಕಾದದ್ದು ಕೂರಲು ಜಾಗ, ಉಸಿರಾಡಲು ಆಮ್ಲಜನಕ. ಜಾಗಕ್ಕೆಂದು ಅಂಗಡಿಯಲ್ಲಿ ಪಿಂಗಾಣಿ ಉಂಗುರಗಳನ್ನು ಮಾರುತ್ತಾರೆ, ಬೆಲೆ ಕೇಳಿದರೆ ಬೆಳ್ಳಿಯದೇನೋ ಎನಿಸುತ್ತದೆ. ನಾನು ಹಾಕಿದ್ದು ಮಂಗಳೂರು ಹೆಂಚಿನ ಚೂರು. ಪಕ್ಕದ ರಸ್ತೆಯಲ್ಲಿ ಹಳೆಯ ಮನೆಯೊಂದನ್ನು ಕೆಡವುತ್ತಿದ್ದರು, ಎರಡು ಮೂಟೆ ಹೊತ್ತು ತಂದೆ. ಸುಟ್ಟ ಜೇಡಿಯ ಮೈಯೆಲ್ಲ ಸಣ್ಣ ರಂಧ್ರ. ಬಣ್ಣ ಬಳಿದ ಹೆಂಚು, ಗಾರೆ ಅಂಟಿದ ಹೆಂಚು ಬೇಡ. ಗಾರೆಯ ಸುಣ್ಣ ನೀರನ್ನು ಗಡುಸು ಮಾಡುತ್ತದೆ. ಒಂದು ಕೋಣೆಗೆ ಹೆಂಚು, ಅದರ ಮೇಲೆ ಪಾತ್ರೆ ಉಜ್ಜುವ ಪ್ಲಾಸ್ಟಿಕ್ ಗುಂಜು. ಸೋಪು ಸೇರಿಸಿ ಬರುವ ಗುಂಜು ತರಬೇಡಿ, ಸ್ಟೀಲಿನದೂ ಬೇಡ.

ಇನ್ನು ಕಟ್ಟುವ ಕೆಲಸ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ಪೆಟ್ಟಿಗೆ. ಒಳಗೆ ಗಾಜಿನ ಅಡ್ಡಗೋಡೆಗಳು. ಮೊದಲ ಕೋಣೆಯಲ್ಲಿ ಬಟ್ಟೆಯ ಚೀಲ, ಎರಡನೆಯದರಲ್ಲಿ ಹೆಂಚು, ಆಮೇಲೆ ಒಂದರ ಹಿಂದೊಂದು ಮೂರು ಗಾಜುಗಳು: ನೀರು ಒಂದರ ಮೇಲೆ ಹಾಯಬೇಕು, ಮುಂದಿನದರ ಕೆಳಗೆ ನುಸುಳಬೇಕು, ಮತ್ತೆ ಮೇಲೆ ಹಾಯಬೇಕು. ಅಷ್ಟರಲ್ಲಿ ಗುಳ್ಳೆಗಳು ಕಳೆದುಹೋಗುತ್ತವೆ. ಕೊನೆಯ ಕೋಣೆಯಲ್ಲಿ ಪಂಪು. ಅಂಟಿಗೆ ವಿನೆಗರ್ ವಾಸನೆಯ ಸಾದಾ ಸಿಲಿಕೋನ್. ಬಚ್ಚಲಮನೆಗೆಂದು ಮಾರುವ, ಬೂಸ್ಟು ಹಿಡಿಯದಂತೆ ಔಷಧಿ ಬೆರೆಸಿದ ಸಿಲಿಕೋನ್ ಮೀನಿಗೆ ವಿಷ. ಹಚ್ಚಿ ಒಂದು ವಾರ ಹಾಗೇ ಬಿಡಿ. ಮೇಲಿನ ತೊಟ್ಟಿಗೆ ತೂತು ಕೊರೆಸುವಾಗ ಗಾಜು ಟಫನ್ ಆದದ್ದೋ ಅಲ್ಲವೋ ಎಂದು ಮೊದಲೇ ಖಾತ್ರಿ ಮಾಡಿಕೊಳ್ಳಿ. ಟಫನ್ ಗಾಜಿಗೆ ಬಿಟ್ ತಾಗಿಸಿದರೆ ತೊಟ್ಟಿ ಪುಡಿಪುಡಿಯಾಗಿ ಗುಡಿಸಿ ಹಾಕುವ ವಸ್ತುವಾಗುತ್ತದೆ.

ಭಾರದ ಮಾತೂ ಇದೆ. ನನ್ನ ತೊಟ್ಟಿ ಅಂಚಿನವರೆಗೆ ತುಂಬಿದರೆ ನೀರೇ 680 ಲೀಟರ್, ಅಂದರೆ 680 ಕಿಲೋ. 12 ಮಿಲಿಮೀಟರ್ ಗಾಜು 120 ಕಿಲೋ ಮೇಲೆ. ಸಂಪು, ಸ್ಟ್ಯಾಂಡು, ಕಲ್ಲು ಸೇರಿದರೆ ಒಂದು ಟನ್ ಹತ್ತಿರ, ಅದೂ ಹನ್ನೆರಡು ಚದರ ಅಡಿ ಜಾಗದಲ್ಲಿ. ಮನೆಯ ಮಹಡಿಗೆ ಎಂಜಿನಿಯರುಗಳು ಹಿಡಿಯುವ ಲೆಕ್ಕ ಚದರ ಮೀಟರಿಗೆ 200 ಕಿಲೋ. ನನ್ನದು ನೆಲಮನೆ, ಬಚಾವು. ಬಿಟಿಎಂ ಲೇಔಟಿನ ನಾಲ್ಕನೆಯ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗರು ಆರಡಿ ತೊಟ್ಟಿಯ ಆಸೆ ಪಟ್ಟರೆ ಮೊದಲು ತೊಲೆ ಎಲ್ಲಿ ಹಾದಿದೆ ಎಂದು ತಿಳಿದವರನ್ನು ಕೇಳಬೇಕು, ಆಮೇಲೆ ಮನೆ ಮಾಲೀಕರನ್ನು.

ಈಗ ಕೋಡಿಯ ವಿಷಯಕ್ಕೆ ಬರುತ್ತೇನೆ. ಕೆರೆ ತುಂಬಿದ ಮೇಲೆ ಹೆಚ್ಚಿನ ನೀರು ಏರಿಗೆ ಧಕ್ಕೆ ಮಾಡದೆ ಹರಿದುಹೋಗಲು ನಮ್ಮ ಹಿರಿಯರು ಬಿಟ್ಟ ಕಟ್ಟೆಯೇ ಕೋಡಿ. ಮಡಿವಾಳ ಕೆರೆಯ ಕೋಡಿ ಅಗರಕ್ಕೆ, ಅಗರದ್ದು ಬೆಳ್ಳಂದೂರಿಗೆ, ಬೆಳ್ಳಂದೂರಿನದ್ದು ವರ್ತೂರಿಗೆ. ಒಂದರ ಕೋಡಿ ಇನ್ನೊಂದರ ಒಡಲು. ತೊಟ್ಟಿಯ ಒಂದು ಮೂಲೆಯಲ್ಲಿ ಬಾಚಣಿಗೆಯ ಹಲ್ಲಿನಂತೆ ಕೊರೆದ ಒಂದು ಗಾಜಿನ ಗೋಡೆ ಇರುತ್ತದಲ್ಲ, ಅದೂ ಕೋಡಿಯೇ. ಪಂಪು ಎಷ್ಟು ನೀರನ್ನು ಮೇಲಕ್ಕೆ ಎಸೆಯುತ್ತದೋ ಅಷ್ಟೇ ನೀರು ಹಲ್ಲುಗಳ ನಡುವೆ ಕೋಡಿ ಬಿದ್ದು ಪೈಪಿನ ಮೂಲಕ ಸಂಪಿಗೆ ಇಳಿಯುತ್ತದೆ. ಮೇಲ್ಮೈಯ ಎಣ್ಣೆಯ ಪೊರೆಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ನೀರಿನ ಮಟ್ಟ ಕೋಡಿ ಹೇಳಿದಷ್ಟೇ, ಒಂದು ಅಂಗುಲ ಹೆಚ್ಚಿಲ್ಲ, ಕಡಿಮೆಯಿಲ್ಲ.

ಇದನ್ನು ಓಡಿಸಿ ನೋಡಿದ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಎರಡು ತಿಂಗಳು ಚೆನ್ನಾಗಿಯೇ ಓಡಿತು. ಆಮೇಲೆ ಮುಂಗಾರಿಗೆ ಮೊದಲಿನ ಮಳೆ ಬಂತು. ನಮ್ಮ ಕಡೆ ಆ ಮಳೆ ಬಂದರೆ ಗುಲ್‌ಮೊಹರ್ ಮರ ಒಂದಾದರೂ ಬೀಳಬೇಕು, ಕರೆಂಟ್ ಹೋಗಬೇಕು. ರಾತ್ರಿ ಎರಡಕ್ಕೆ ಹೋಯಿತು. ನಾಲ್ಕಕ್ಕೆ ಬಂತೆಂದು ಕಾಣುತ್ತದೆ. ಐದಕ್ಕೆ ನನ್ನಾಕೆ ಕಾಫಿಗೆಂದು ಎದ್ದವಳು ನಡುಮನೆಯಿಂದ ಕೂಗಿದಳು. “ರೀ, ನಿಮ್ಮ ಸಂಪು ಮನೇನೆಲ್ಲ ಕೆರೆ ಮಾಡಿದೆ, ಬಂದು ನೋಡಿ.” ನೆಲದ ಮೇಲೆ ನೀರು, ಸೋಫಾದ ಕಾಲು ನೀರಿನಲ್ಲಿ, ಸಂಪಿನೊಳಗೆ ಪಂಪು ನೀರಿಲ್ಲದೆ ಗೊರಗೊರ ಎನ್ನುತ್ತಿತ್ತು. ಮೀನುಗಳು ಮಾತ್ರ ಏನೂ ಆಗದವರಂತೆ ಓಡಾಡುತ್ತಿದ್ದವು.

ಏನಾಯಿತೆಂದು ಲೆಕ್ಕ ಹಾಕಿದೆ. ಪೆನ್ಸಿಲ್ ಹತ್ತಿರವಿದ್ದರೆ ನೀವೂ ಹಿಡಿದುಕೊಳ್ಳಿ. ಪಂಪಿನಿಂದ ಮೇಲೆ ಬರುವ ಪೈಪಿನ ಬಾಯಿಯನ್ನು ನಾನು ನೀರಿನ ಮಟ್ಟಕ್ಕಿಂತ 6 ಅಂಗುಲ ಕೆಳಗೆ ಇಟ್ಟಿದ್ದೆ. ಮೇಲಿಟ್ಟರೆ ಸದ್ದು ಎಂದು ಮನೆಯಲ್ಲಿ ದೂರು ಬಂದಿತ್ತು. ಪಂಪು ನಿಂತ ಕೂಡಲೇ ಅದೇ ಪೈಪು ತಿರುಗುಮುರುಗಾಯಿತು. ಹಿಂದೆ ಸ್ಕೂಟರಿನ ಟ್ಯಾಂಕಿಗೆ ಟ್ಯೂಬು ಇಳಿಸಿ, ಬಾಯಲ್ಲಿ ಒಮ್ಮೆ ಎಳೆದು ಪೆಟ್ರೋಲ್ ತೆಗೆಯುತ್ತಿದ್ದರಲ್ಲ, ಹಾಗೆ. ಪೈಪಿನ ಬಾಯಿ ಗಾಳಿಗೆ ತೆರೆದುಕೊಳ್ಳುವವರೆಗೂ ತೊಟ್ಟಿಯ ನೀರನ್ನು ಸಂಪಿಗೆ ಎಳೆಯಿತು. ತೊಟ್ಟಿಯ ಮೇಲ್ಮೈ 12 ಚದರ ಅಡಿ. ಅಲ್ಲಿ ಒಂದು ಅಂಗುಲ ಇಳಿದರೆ 28 ಲೀಟರ್. ಆರು ಅಂಗುಲಕ್ಕೆ ಸುಮಾರು 170 ಲೀಟರ್. ಸಂಪಿನ ಮೇಲ್ಮೈ 6 ಚದರ ಅಡಿ, ಸರಿಯಾಗಿ ಅರ್ಧ. ಆದ್ದರಿಂದ ಮೇಲೆ ಒಂದು ಅಂಗುಲ ಇಳಿದರೆ ಕೆಳಗೆ ಎರಡು ಅಂಗುಲ ಏರುತ್ತದೆ. ಓಡುವಾಗ ಸಂಪಿನಲ್ಲಿ ಇದ್ದದ್ದು 9 ಅಂಗುಲ. ಅದಕ್ಕೆ 12 ಸೇರಿಸಿದರೆ 21. ಸಂಪಿನ ಎತ್ತರ 18. ಮೂರು ಅಂಗುಲದ ನೀರು, 42 ಲೀಟರ್, ನಡುಮನೆಗೆ ಬಂದಿತ್ತು. ಪಂಪಿನ ಕೋಣೆ ಹಿಡಿಯುವುದೇ 32 ಲೀಟರ್. 42 ಲೀಟರ್ ಕಳೆದುಹೋದ ಮೇಲೆ ಕರೆಂಟ್ ಬಂದರೆ ಪಂಪಿಗೆ ಸಿಗುವುದು ಗಾಳಿ.

“ಹಿಂದಕ್ಕೆ ಹೋಗದಂತೆ ವಾಲ್ವ್ ಹಾಕಿರಲಿಲ್ಲವೇ?” ಎಂದು ಕೇಳುತ್ತೀರಿ. ಹಾಕಿದ್ದೆ. ಎನ್ಆರ್‌ವಿ ಎಂದು ಪ್ಲಂಬರುಗಳು ಕರೆಯುವ ನಾನ್ ರಿಟರ್ನ್ ವಾಲ್ವ್. ಬಿಚ್ಚಿ ನೋಡಿದರೆ ಅದರ ಬಾಗಿಲಿನ ಸಂದಿಯಲ್ಲಿ ಹೆಸರುಕಾಳಿನಷ್ಟು ದೊಡ್ಡ ಒಂದು ಬಸವನಹುಳುವಿನ ಚಿಪ್ಪು. ಮನೆಯ ಮೋಟರಿಗೆ ಎನ್ಆರ್‌ವಿ ಸರಿ, ಅಲ್ಲಿ ಬಸವನಹುಳು ಇರುವುದಿಲ್ಲ. ಮೀನಿನ ಸಂಪಿನಲ್ಲಿ ಅದನ್ನು ನಂಬಬಾರದು. ನಂಬಬೇಕಾದದ್ದು ಒಂದು ತೂತನ್ನು. ಮೇಲೆ ಬರುವ ಪೈಪಿಗೆ, ನೀರಿನ ಮಟ್ಟಕ್ಕಿಂತ ಕಾಲು ಅಂಗುಲ ಕೆಳಗೆ, ನಾಲ್ಕು ಮಿಲಿಮೀಟರಿನ ತೂತು ಕೊರೆಯಿರಿ. ಮಟ್ಟ ಅಷ್ಟು ಇಳಿದ ತಕ್ಷಣ ತೂತಿನಿಂದ ಗಾಳಿ ಹೊಕ್ಕು ಎಳೆತ ಮುರಿಯುತ್ತದೆ. ಪಾಚಿ ಕಟ್ಟಿಕೊಳ್ಳುವುದುಂಟು, ಅದಕ್ಕೆ ಎರಡು ತೂತು. ಪೈಪಿನ ಬಾಯನ್ನೇ ಆರರಿಂದ ಒಂದು ಅಂಗುಲಕ್ಕೆ ಎತ್ತಿಕೊಂಡರೆ ಇನ್ನೂ ಒಳ್ಳೆಯದು.

ಇದರ ತದ್ವಿರುದ್ಧದ ಅಪಾಯವೂ ಇದೆ. ಇಳಿಯುವ ಪೈಪಿಗೆ ಎಲೆಯೋ ಸತ್ತ ಮೀನೋ ಅಡ್ಡ ಸಿಕ್ಕಿಕೊಂಡರೆ ಪಂಪು ಸುಮ್ಮನಿರುವುದಿಲ್ಲ, ತನ್ನ ಕೋಣೆಯ 32 ಲೀಟರನ್ನೂ ಮೇಲಕ್ಕೆ ಎಸೆಯುತ್ತದೆ. ತೊಟ್ಟಿ ಒಂದು ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಏರುತ್ತದೆ. ಹಾಗಾಗಿ ಮೇಲೆ ಎರಡು ಅಂಗುಲ ಅಂಚು ಬಿಟ್ಟಿರಬೇಕು. ಇಳಿಯುವ ಪೈಪು ಒಂದೂವರೆ ಅಂಗುಲದ್ದು ಎರಡಿರಬೇಕು, ಒಂದು ಕೆಲಸಕ್ಕೆ, ಇನ್ನೊಂದು ಆಪತ್ತಿಗೆ. ಪೈಪಿನ ಖರ್ಚು ಉಳಿಸಿದವರು ಗೋಡೆಗೆ ಬಣ್ಣ ಬಳಿಸಿದ್ದನ್ನು ನೋಡಿದ್ದೇನೆ.

ಸದ್ದಿನ ಬಗ್ಗೆ ಎರಡೇ ಮಾತು. ಸುಮ್ಮನೆ ಪೈಪು ಇಳಿಬಿಟ್ಟರೆ ಬಚ್ಚಲ ನೀರು ಖಾಲಿಯಾಗುವಾಗ ಬರುವ ಗೊರಕೆ ದಿನದ ಇಪ್ಪತ್ನಾಲ್ಕು ಗಂಟೆಯೂ ಬರುತ್ತದೆ. ಪೈಪಿನ ತಲೆಗೆ ಒಂದು ಟೀ, ಅದಕ್ಕೆ ಕೆಳಮುಖವಾಗಿ ಒಂದು ಎಲ್ಬೊ, ಮೇಲಿನ ಮುಚ್ಚಳದಲ್ಲಿ ಸೂಜಿಗಾತ್ರದ ತೂತು. ಗೊರಕೆ ನಿಲ್ಲುತ್ತದೆ.

ಪಂಪು ಎಷ್ಟು ದೊಡ್ಡದಿರಬೇಕು? ಗಂಟೆಗೆ ತೊಟ್ಟಿಯ ನೀರು ನಾಲ್ಕೈದು ಸಲ ಸುತ್ತಿದರೆ ಸಾಕು, ನನಗೆ ಮೂರು ಸಾವಿರ ಲೀಟರ್. ಡಬ್ಬಿಯ ಮೇಲೆ ಬರೆದ ಅಂಕಿ ಎತ್ತರವಿಲ್ಲದೆ ಅಳೆದದ್ದು, ನಾಲ್ಕೈದು ಅಡಿ ಏರುವಷ್ಟರಲ್ಲಿ ಬಹಳಷ್ಟು ಸೋರಿಹೋಗಿರುತ್ತದೆ. ಐದು ಸಾವಿರದ್ದು ತಂದೆ. 80 ವ್ಯಾಟ್, ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 58 ಯೂನಿಟ್. ಗೃಹಜ್ಯೋತಿಯ ಉಚಿತ ಯೂನಿಟ್ಟುಗಳ ಲೆಕ್ಕದಲ್ಲಿರುವ ಮನೆಗಳಲ್ಲಿ ಇದೊಂದು ಚರ್ಚೆಯ ವಿಷಯವಾಗಬಹುದು, ನಮ್ಮಲ್ಲಿ ಆಗಿದೆ.

ನೀರಿನ ಮಾತಿಗೆ ಬಂದರೆ, ನಮ್ಮ ಊರು ಕೂಡ ಒಂದು ಮೇಲಿನ ಟ್ಯಾಂಕೇ. 1974ರಿಂದ ಕಾವೇರಿ ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರಿನಷ್ಟು ಎತ್ತರ ಪಂಪಾಗಿ ನಮ್ಮ ನಲ್ಲಿಗೆ ಬರುತ್ತಿದೆ. ಅಷ್ಟು ದೂರ ಕೆಡದೆ ಬರಲು ಕ್ಲೋರಿನ್ ಬೇಕು. ನಲ್ಲಿಯ ಬಾಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕೆಂದು ಮಾನಕ ಹೇಳುತ್ತದೆ. ನಮಗೆ ಅದು ಕಾವಲು, ಹೆಂಚಿನ ಮೇಲೆ ಕೂತ ಜೀವಿಗಳಿಗೆ ಷ್ಲೋಸಿಂಗರ ಕ್ಲೋರೋಫಾರ್ಮು. ಚೀಲ, ಹೆಂಚು ಯಾವುದನ್ನೂ ನೇರ ನಲ್ಲಿಯ ಕೆಳಗೆ ತೊಳೆಯಬೇಡಿ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಜಾಲಿಸಿ. ಹೊಸ ನೀರಿಗೆ ಚಿಟಿಕೆ ಹೈಪೋ ಸಾಕು, ಹಿಂದೆ ಸ್ಟುಡಿಯೋಗಳಲ್ಲಿ ಫೋಟೋ ತೊಳೆಯಲು ಬಳಸುತ್ತಿದ್ದ ಅದೇ ಹರಳು. ಟ್ಯಾಂಕರಿನ ಬೋರ್‌ವೆಲ್ ನೀರು ಗಡುಸು, ನಮ್ಮ ಹೊಳೆಮೀನಿಗೆ ಒಗ್ಗುವುದಿಲ್ಲ. ಮಳೆನೀರು ಅಮೃತ. ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಸಂಗ್ರಹ ಉದ್ಯಾನವಿದೆ. ಸೂರಿನ ನೀರನ್ನು ಸೋಸುವ ಬಗೆಗಳನ್ನು ಅಲ್ಲಿ ನಿಲ್ಲಿಸಿ ತೋರಿಸಿದ್ದಾರೆ, ಸಂಪ್ ಕಟ್ಟುವ ಮುನ್ನ ಒಂದು ಸುತ್ತು ಹಾಕಿ ಬನ್ನಿ.

2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ತೋಟಕ್ಕೆ ಬಿಟ್ಟರೆ ಐದು ಸಾವಿರ ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ್ದು ನೆನಪಿರಬಹುದು. ಆ ಬೇಸಿಗೆಯಲ್ಲಿ ಮನೆಗೆ ಬಂದವರ ಕಣ್ಣು ತೊಟ್ಟಿಯ ಮೇಲೆ ಒಂದು ಕ್ಷಣ ಹೆಚ್ಚೇ ನಿಲ್ಲುತ್ತಿತ್ತು. ಮುಜುಗರವಾಗುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆಗ ಸಂಪಿನ ಅಂಚಿಗೆ ಮನಿ ಪ್ಲಾಂಟ್ ಬಳ್ಳಿಗಳನ್ನು ಇಳಿಬಿಟ್ಟೆ, ಬೇರು ನೀರಿನಲ್ಲಿ, ಎಲೆ ಹೊರಗೆ. ಉಳಿದ ನೈಟ್ರೇಟನ್ನು ಅವು ಉಣ್ಣುತ್ತವೆ. ವಾರಕ್ಕೊಮ್ಮೆ ಬದಲಿಸುತ್ತಿದ್ದ ನೀರನ್ನು ಈಗ ಹದಿನೈದು ದಿನಕ್ಕೊಮ್ಮೆ ಬದಲಿಸುತ್ತೇನೆ. ತೆಗೆದ ನೀರು ಕರಿಬೇವಿಗೆ, ದಾಸವಾಳಕ್ಕೆ. ನಮ್ಮ ಕರಿಬೇವಿನ ಗಿಡಕ್ಕೆ ಏನು ಹಾಕುತ್ತೀರಿ ಎಂದು ಎದುರು ಮನೆಯವರು ಕೇಳುತ್ತಾರೆ. ಮೀನು ಸಾಕುತ್ತೇವೆ ಎಂದರೆ ನಂಬುವುದಿಲ್ಲ.

ಸಂಪ್ ಕಟ್ಟಬೇಕೆಂದು ಹೊರಟವರಲ್ಲಿ ಒಂದು ಕೋರಿಕೆ. ಗಾಜು, ಪೈಪು, ಪಂಪು ಎಲ್ಲ ಜೋಡಿಸಿದ ಮೇಲೆ ಮೀನು ತರುವ ಮುನ್ನ, ಹಗಲು ಹೊತ್ತಿನಲ್ಲಿ, ನೆಲದ ಮೇಲೆ ಹಳೆಯ ಪಂಚೆ ಹಾಸಿಕೊಂಡು ಪಂಪಿನ ಸ್ವಿಚ್ ಆರಿಸಿ. ಸಂಪಿನ ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ, ಅಲ್ಲಿ ಗಾಜಿನ ಮೇಲೆ ಕೆಂಪು ಟೇಪು ಅಂಟಿಸಿ. ಕರೆಂಟ್ ಹೋಗುವವರೆಗೆ ಕಾಯಬೇಡಿ. ನಾನು ತಿಂಗಳ ಮೊದಲ ಭಾನುವಾರ ತಪ್ಪದೆ ಆರಿಸುತ್ತೇನೆ, ನನ್ನಾಕೆ ಬಾಗಿಲಲ್ಲಿ ನಿಂತು ನೋಡುತ್ತಾಳೆ. ಕಳೆದ ಭಾನುವಾರ ನೀರು ಹನ್ನೊಂದೂವರೆ ಅಂಗುಲಕ್ಕೆ ನಿಂತಿತು, ಟೇಪಿನ ಗೆರೆಗೆ ಸರಿಯಾಗಿ.